ಟ್ರಂಕು ಕಟ್ಟಿದ್ದು

ನಾಗಪುರದ ಸೀತಾಬರ್ಡಿಯಲ್ಲೊಂದು ಎರಡಂತಸ್ತಿನ ಕಚೇರಿ. ಕೆಳಗೊಂದು ನೆಟ್‌ವರ್ಕ್ ಸ್ವಿಚ್ಚು, ಮೇಲೊಂದು. ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಜಾಲ, ಅಂದರೆ ವಿ-ಲ್ಯಾನು: ಲೆಕ್ಕದವರದು ವಿ-ಲ್ಯಾನ್ 10, ಕ್ಯಾಮೆರಾಗಳದು 20. ನಡುವೆ ಕೇಬಲ್ ಎಳೆದು, ಎರಡೂ ತುದಿಯನ್ನು 10ರ ಆಕ್ಸೆಸ್ ಪೋರ್ಟಿಗೆ ಸಿಕ್ಕಿಸಿ, ಮೂಲೆಯ ಗಾಡಿಯಲ್ಲಿ ತರ್ರಿ ಪೋಹಾ ತಿಂದು ಬಂದೆ. ವಾಚ್‌ಮನ್ ಕಾದು ನಿಂತಿದ್ದ. ಕಂಪ್ಯೂಟರೆಲ್ಲ ಸರಿ, ಮೇಲಿನ ಕ್ಯಾಮೆರಾ ಪರದೆ ಮಾತ್ರ ಅಮಾವಾಸ್ಯೆ.

ತಪ್ಪು ನನ್ನದೇ. ಆಕ್ಸೆಸ್ ಪೋರ್ಟು ಒಂದೇ ಮನೆತನಕ್ಕೆ ಬಾಗಿಲು ತೆರೆಯುವಂಥದ್ದು. 20ಕ್ಕೆ ಇನ್ನೊಂದು ಕೇಬಲ್ ಎಳೆಯಬಹುದಿತ್ತು. ನಾಳೆ ಅತಿಥಿಗಳ ವೈಫೈಗೆ ಮೂರನೆಯದು. ಸೊಸೆಗೊಂದು ಒಲೆ ಹೂಡುತ್ತ ಹೋದರೆ ಅಡುಗೆಮನೆ ಎಷ್ಟಂತ ತಾಳೀತು? ಅದಕ್ಕೇ ಒಂದೇ ಕೇಬಲಿನಲ್ಲಿ ಎಲ್ಲ ವಿ-ಲ್ಯಾನೂ ಸಾಗುವ ‘ಟ್ರಂಕ್’ ಕಟ್ಟಲು ಕೂತೆ.

ಅಷ್ಟರಲ್ಲಿ ಗದಗಿನಿಂದ ಅವ್ವನ ಫೋನು.

“ಏನ್ ಮಾಡಾಕತ್ತೀಯಪಾ?”

“ಟ್ರಂಕ್ ಕಟ್ಟಾಕತ್ತೀನವ್ವಾ.”

“ಹೌದನ! ಯಾವಾಗ ಬರ್ತಿ?”

ಅವ್ವನಿಗೆ ಟ್ರಂಕು ಅಂದರೆ ಅಪ್ಪನ ತಗಡಿನ ಪೆಟ್ಟಿಗೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ಕೆಳಗೆ ‘ಗದಗ ಜಂ.’ ರೈಲಿನಲ್ಲಿ ಆ ಬರಹಕ್ಕೆ ಬೆಲೆ. ಮನೆ ಸೇರಿದ ಮೇಲೆ ಅದರ ಮೇಲೆ ಹಾಸಿಗೆ ಪೇರಿಸುತ್ತಿದ್ದೆವು. 1998ರಲ್ಲಿ ಬಂದ 802.1ಕ್ಯೂ ನಿಯಮ ಮಾಡುವುದೂ ಇಷ್ಟೇ. ಟ್ರಂಕಿನಲ್ಲಿ ಹೊರಟ ಫ್ರೇಮುಗಳಿಗೆ ನಾಲ್ಕು ಬೈಟಿನ ಚೀಟಿ, ಅದರಲ್ಲಿ ಹನ್ನೆರಡು ಬಿಟ್ ವಿ-ಲ್ಯಾನ್ ನಂಬರಿಗೆ. 4094 ಮನೆತನ ಒಂದೇ ತಂತಿಯಲ್ಲಿ ಓಡಾಡಬಹುದು. ಆಚೆಯ ಆಕ್ಸೆಸ್ ಪೋರ್ಟಿನಲ್ಲಿ ಚೀಟಿ ಕಿತ್ತು ಒಳಗೆ ಬಿಡುತ್ತಾರೆ. ಚೀಟಿ ಇಲ್ಲದೆ ಟ್ರಂಕಿಗೆ ಬಂದವರೆಲ್ಲ ನೇಟಿವ್ ವಿ-ಲ್ಯಾನಿನ ಪಾಲು. ಈ ಊರಲ್ಲಿ ಗದಗಿನವನೂ ಗುಂಟೂರಿನವನೂ ಒಟ್ಟಿಗೆ ‘ಮದ್ರಾಸಿ’ ಆಗುವುದು ಹೀಗೆಯೇ.

ನಾಗಪುರಕ್ಕೆ ಇದೆಲ್ಲ ಹೊಸದಲ್ಲ. 1929ರಲ್ಲಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಶುರುವಾದಾಗ ಅದರ ಒಂದು ತುದಿ ಪೇಶಾವರ, ಇನ್ನೊಂದು ನಮ್ಮ ಮಂಗಳೂರು! ಈಗ ದಿಲ್ಲಿ–ಚೆನ್ನೈ ನಡುವೆ ಓಡುತ್ತ ಇಲ್ಲಿ ನಿಲ್ಲುತ್ತದೆ. ನಿಲ್ದಾಣದ ಬಳಿಯ ಡೈಮಂಡ್ ಕ್ರಾಸಿಂಗ್‌ನಲ್ಲಿ ಮುಂಬೈ–ಹೌರಾ ಹಳಿ, ದಿಲ್ಲಿ–ಚೆನ್ನೈ ಹಳಿ ಒಂದನ್ನೊಂದು ಅಡ್ಡ ಹಾಯುತ್ತವೆ. ಹಾದರೂ ಹೌರಾ ಗಾಡಿ ತಪ್ಪಿ ದಿಲ್ಲಿಗೆ ಹೊರಳದು. ಕೆಲಸ ಕೆಟ್ಟ ದಿನ ನಾನು ಅದನ್ನು ನೆನೆದು ಸಮಾಧಾನಪಡುತ್ತೇನೆ.

ಮೇಲಿನ ಸ್ವಿಚ್ಚನ್ನು ಟ್ರಂಕಿಗೆ ಬದಲಿಸಿ, ಕೆಳಗಿಳಿದು, ಮೇಜಿನಡಿ ತೂರಿ ಅಲ್ಲಿನದನ್ನೂ ಬದಲಿಸಿದೆ. ಮಹಡಿಯಿಂದ ವಾಚ್‌ಮನ್ ಕೂಗಿದ: “ಸಾಹೇಬ, ದಿಸತಂಯ!”

ಹೋಗಿ ರೆಕಾರ್ಡಿಂಗ್ ಹಿಂದೆ ಸರಿಸಿ ನೋಡಿದೆ. ಅವನಿಗೆ ಕಂಡದ್ದು ಮೇಜಿನಡಿಯಿಂದ ಚಾಚಿದ ಎರಡು ಕಾಲು. ಒಂದರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.