ಪುಕ್ಕಟೆ ಆಡಿಟರು

ಫೆಬ್ರವರಿಯಲ್ಲಿ ತೆರಿಗೆ ರಿಟರ್ನಿನ ಕಾಲ ಬಂತೆಂದರೆ ನ್ಯೂಜೆರ್ಸಿಯ ಎಡಿಸನ್ನಿನಲ್ಲಾಗಲಿ ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಾಗಲಿ, ಹೊಸದಾಗಿ ಸಂಸಾರ ಹೂಡಿದ ಕನ್ನಡದ ದಂಪತಿಗಳ ಮನೆಗೆ ಪುಕ್ಕಟೆ ಆಡಿಟರು ದಯಮಾಡಿಸುತ್ತಾರೆ. ಹೊಟ್ಟೆಪಾಡಿಗೆ ಅವರು ಸಾಫ್ಟ್‌ವೇರ್ ಎಂಜಿನಿಯರು. ಎಚ್-1ಬಿ ವೀಸಾದಲ್ಲಿ ಬಂದು, ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತೇ ಕೂದಲು ನರೆಸಿಕೊಂಡವರು. ಲೆಕ್ಕಪತ್ರದ ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಆದರೂ ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವಾಗಲೇ ತೀರ್ಪು ಹೊರಬೀಳುತ್ತದೆ: ‘ಜಾಯಿಂಟ್ ಹಾಕಪ್ಪಾ, ಕಣ್ಣು ಮುಚ್ಕೊಂಡು ಜಾಯಿಂಟ್ ಹಾಕು. ನಂದು ಮದುವೆಯಾದಾಗಿಂದ ಜಾಯಿಂಟೇ, ಏನಾಗಿದೆ ಈಗ?’ ಅವರ ಉತ್ತರ ಬಹುಪಾಲು ಸರಿಯೇ ಇರುತ್ತದೆ ಎಂದು ಮೊದಲೇ ಒಪ್ಪಿಬಿಡುತ್ತೇನೆ. ನನ್ನ ತಕರಾರು ಬೇರೆ. ಆ ಉತ್ತರ ಪ್ರಶ್ನೆಗಿಂತ ಮುಂಚೆ ಬರುತ್ತದೆ. ಪ್ರಶ್ನೆ ಯಾರನ್ನು ಕೇಳಬೇಕಿತ್ತೋ ಆಕೆ ಅಡುಗೆಮನೆಯಲ್ಲಿ ಅವರಿಗಾಗಿಯೇ ಕಾಫಿ ಸೋಸುತ್ತಿರುತ್ತಾಳೆ.

ಆಡಿಟರ ಪಾಂಡಿತ್ಯ ಸುಳ್ಳಲ್ಲ. ನಮ್ಮ ದೇಶದ ಆದಾಯ ತೆರಿಗೆಯಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿಯೇ ಇಲ್ಲ. ಅವರವರ ಪ್ಯಾನು, ಅವರವರ ಪಾಡು. ಅಮೆರಿಕದಲ್ಲಿ ಹಾಗಲ್ಲ. 2024ರ ಲೆಕ್ಕಕ್ಕೆ ಜಂಟಿಯಾಗಿ ಸಲ್ಲಿಸಿದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 29,200 ಡಾಲರು, ಮದುವೆಯಾಗಿಯೂ ಬೇರೆಬೇರೆ ಸಲ್ಲಿಸಿದರೆ ತಲೆಗೆ 14,600. ಹೆಂಡತಿ ಅವಲಂಬಿತರ ಎಚ್-4 ವೀಸಾದಲ್ಲಿ ನವೆಂಬರಿನಲ್ಲಿ ಬಂದಿಳಿದಿದ್ದರೆ ತೆರಿಗೆ ಕಾನೂನಿನ ಕಣ್ಣಿಗೆ ಆಕೆ ಇನ್ನೂ ಅಲ್ಲಿಯ ನಿವಾಸಿಯಲ್ಲ. ನಿವಾಸಿ ಎನಿಸಲು ಅಲ್ಲಿ ಕಳೆದ ದಿನಗಳನ್ನು ಎಣಿಸಬೇಕು: ಈ ವರ್ಷದ ದಿನಗಳು ಪೂರ್ತಿ, ಹೋದ ವರ್ಷದವು ಮೂರರಲ್ಲೊಂದು, ಅದರ ಹಿಂದಿನ ವರ್ಷದವು ಆರರಲ್ಲೊಂದು. ಎಲ್ಲ ಕೂಡಿ 183 ಆಗಬೇಕು, ಈ ವರ್ಷದವೇ 31 ಇರಬೇಕು. ಆಡಿಟರು ಇದನ್ನು ಬೆರಳ ಗೆಣ್ಣಿನಲ್ಲಿ ಎಣಿಸುವುದು ನೋಡಿದರೆ ಪಂಚಾಂಗ ಹಿಡಿದು ಗಣಕೂಟ ಹೇಳುವ ಜೋಯಿಸರೇ ಎದುರಿಗೆ ಕೂತಂತಿರುತ್ತದೆ. ದಿನ ಕೂಡಿಬರದಿದ್ದರೂ ಜಂಟಿ ರಿಟರ್ನಿಗೆ ದಾರಿಯಿದೆ. ಗಂಡ ನಿವಾಸಿಯಾಗಿದ್ದರೆ ಸಾಕು; ಹೆಂಡತಿಯನ್ನೂ ನಿವಾಸಿಯೆಂದೇ ಪರಿಗಣಿಸಿ ಎಂದು ಇಬ್ಬರೂ ಸಹಿ ಮಾಡಿದ ಹೇಳಿಕೆಯೊಂದನ್ನು ರಿಟರ್ನಿನ ಜೊತೆ ಲಗತ್ತಿಸಬಹುದು. ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಲೈಸೆನ್ಸು ಪಡೆದ ಸಿಪಿಎ ಇದನ್ನೇ ಹೇಳಲು ನೂರಾರು ಡಾಲರು ತೆಗೆದುಕೊಂಡಾನು. ನಮ್ಮವರಿಗೆ ಒಂದು ತಟ್ಟೆ ಅವಲಕ್ಕಿ ಸಾಕು, ಎರಡನೇ ಸಲ ಬಡಿಸಿದರೆ ಬೇಡವೆನ್ನುವುದಿಲ್ಲ ಅಷ್ಟೆ.

ತಾಳ್ಮೆ ಕೆಡುವುದು ಪಾಸ್‌ಪೋರ್ಟಿನ ಅಧ್ಯಾಯದಲ್ಲಿ. ಕೆಲಸದ ಪರವಾನಗಿ ಇಲ್ಲದ ಎಚ್-4 ಹೆಂಡತಿಗೆ ಸೋಷಿಯಲ್ ಸೆಕ್ಯುರಿಟಿ ನಂಬರು ಸಿಗುವುದಿಲ್ಲ. ಅದರ ಬದಲು ಡಬ್ಲ್ಯು-7 ಫಾರಂ ತುಂಬಿ, ರಿಟರ್ನಿನ ಕಾಗದಪ್ರತಿಯೊಡನೆ ಸೇರಿಸಿ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಪಡೆಯಬೇಕು. ಗುರುತಿಗೆ ಅಸಲಿ ಪಾಸ್‌ಪೋರ್ಟು, ಇಲ್ಲವೇ ಅದನ್ನು ಕೊಟ್ಟವರೇ ದೃಢೀಕರಿಸಿದ ಪ್ರತಿ ಬೇಕು. ಆಡಿಟರು ಕಾಫಿ ಲೋಟ ಕೆಳಗಿಟ್ಟು, ‘ಪಾಸ್‌ಪೋರ್ಟ್ ಕವರಿಗೆ ಹಾಕಿ ಟೆಕ್ಸಸ್ಸಿನ ಆಸ್ಟಿನ್ನಿಗೆ ಪೋಸ್ಟ್ ಮಾಡಮ್ಮಾ, ಏನೂ ಆಗಲ್ಲ’ ಎಂದುಬಿಡುತ್ತಾರೆ. ಏನೂ ಆಗಲ್ಲ ಎನ್ನುವವರ ಪಾಸ್‌ಪೋರ್ಟು ಅವರ ಬೀರುವಿನಲ್ಲಿ ಭದ್ರವಾಗಿರುತ್ತದೆ. ಪರದೇಶದಲ್ಲಿ ತಾನು ಯಾರೆಂದು ತೋರಿಸಲು ಆ ಹುಡುಗಿಗಿರುವುದು ಅದೊಂದೇ ನೀಲಿ ಪುಸ್ತಕ. ಅದು ತಿರುಗಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾದರೆ ದಾವಣಗೆರೆಗೆ ಹೊರಡುವುದು ಹೇಗೆ? ಹಾಗೆ ಕಳಿಸಲೇಬೇಕೆಂದೂ ಇಲ್ಲ. ತೆರಿಗೆ ಇಲಾಖೆಯೇ ಮಾನ್ಯ ಮಾಡಿದ ಏಜೆಂಟರಿದ್ದಾರೆ. ಪಾಸ್‌ಪೋರ್ಟು ನೋಡಿ, ದೃಢೀಕರಿಸಿ, ಅಲ್ಲೇ ಕೈಗೆ ವಾಪಸ್ ಕೊಡುತ್ತಾರೆ. ಇದನ್ನು ಯಾರಾದರೂ ಮೆಲ್ಲಗೆ ಹೇಳಿದರೆ ಆಡಿಟರು, ‘ಅದಕ್ಕೆ ದುಡ್ಡು ಕೊಡಬೇಕಲ್ಲ!’ ಎಂದು ಗಾಬರಿಯಾಗುತ್ತಾರೆ.

ದುಡ್ಡು ಉಳಿಸುವುದರಲ್ಲಿ ತಪ್ಪೇನು ಎಂದು ಅವರ ಪರವಾಗಿ ಕೇಳಬಹುದು. ತಪ್ಪಿಲ್ಲ, ಉಳಿಯುವುದು ಮೊದಲ ಪುಟದಲ್ಲೇ ಕಾಣುತ್ತದೆ, ತೆರಬೇಕಾದದ್ದು ಕಾಣುವುದಿಲ್ಲ ಎಂಬುದೇ ತೊಡಕು. ನಿವಾಸಿಯೆಂದು ಬರೆದುಕೊಟ್ಟ ಮೇಲೆ ಲೋಕದ ಎಲ್ಲೆಡೆಯ ಆಕೆಯ ಆದಾಯವೆಲ್ಲ ಲೆಕ್ಕಕ್ಕೆ ಬರುತ್ತದೆ: ಅದೇ ವರ್ಷ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ದುಡಿದ ಸಂಬಳ, ಅಪ್ಪ ಇಟ್ಟ ಎಫ್‌ಡಿಯ ಬಡ್ಡಿ, ಮೈಸೂರಿನ ಮನೆಯ ಬಾಡಿಗೆ, ಭಾರತದಲ್ಲಿ ತೆರಿಗೆಯೇ ಇಲ್ಲದ ಪಿಪಿಎಫ್ ಬಡ್ಡಿ ಕೂಡ. ‘ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗತ್ತಲ್ಲ’ ಎನ್ನುತ್ತಾರೆ ಆಡಿಟರು. ಸಿಗುತ್ತದೆ, ನಿಜ, ತೆರಿಗೆಯೇ ಕಟ್ಟದ ಪಿಪಿಎಫ್‌ಗೆ ಯಾವ ಕ್ರೆಡಿಟ್ಟು? ಇನ್ನು ಜಂಟಿ ರಿಟರ್ನಿನ ತೆರಿಗೆಗೆ ಇಬ್ಬರಲ್ಲಿ ಪ್ರತಿಯೊಬ್ಬರೂ ಪೂರ್ತಿ ಹೊಣೆ. ಗಂಡ ಮುಚ್ಚಿಟ್ಟ ಆದಾಯದ ಬಾಕಿಯನ್ನು ಒಂದು ಡಾಲರೂ ದುಡಿಯದ ಹೆಂಡತಿಯಿಂದಲೂ ಕೇಳಬಹುದು. ತಪ್ಪರಿಯದ ಸಂಗಾತಿಗೆ ವಿನಾಯಿತಿ ಇದೆ, ಆದರೆ ಅದನ್ನು ಆಕೆಯೇ ಅರ್ಜಿ ಹಾಕಿ ಬೇಡಬೇಕು. 2020ರ ಮಾರ್ಚಿನ ಕಾನೂನಿನಂತೆ ಕೋವಿಡ್ ಪರಿಹಾರವೆಂದು ತಲೆಗೆ 1,200 ಡಾಲರ್ ಹಂಚಿದಾಗ, ಐಟಿಐಎನ್ ಹೆಂಡತಿಯೊಡನೆ ಜಂಟಿಯಾಗಿ ಸಲ್ಲಿಸಿದ್ದ ಗಂಡನಿಗೂ ಸೊನ್ನೆ ಬಂತು. ಸೇನೆಯವರಿಗೆ ಮಾತ್ರ ವಿನಾಯಿತಿ. ಅದೇ ವರ್ಷದ ಡಿಸೆಂಬರಿನ ಕಾನೂನು ಅದನ್ನು ಸರಿಪಡಿಸಿತು. ಆ ಸೊನ್ನೆಯನ್ನು ಆಡಿಟರ ತಲೆಗೆ ಕಟ್ಟುವುದು ಅನ್ಯಾಯ, ಬ್ರಹ್ಮನಿಗೂ ಅದು ಮೊದಲೇ ತಿಳಿದಿರಲಿಕ್ಕಿಲ್ಲ. ಅವರ ತಪ್ಪಿರುವುದು ಆ ‘ಕಣ್ಣು ಮುಚ್ಕೊಂಡು’ ಎಂಬಲ್ಲಿ. ಬೇರೆಬೇರೆ ಸಲ್ಲಿಸಿದ್ದನ್ನು ಸಾಮಾನ್ಯವಾಗಿ ಮೂರು ವರ್ಷದೊಳಗೆ ಜಂಟಿಗೆ ಬದಲಿಸಬಹುದು. ಜಂಟಿಯಾಗಿ ಸಲ್ಲಿಸಿದ್ದನ್ನು ಗಡುವು ದಾಟಿದ ಮೇಲೆ ಬೇರೆಬೇರೆ ಮಾಡಲಾಗದು. ಕಣ್ಣು ತೆರೆದಿರಬೇಕಾದ ಜಾಗ ಇದೇ. (ಇಷ್ಟು ಹೊತ್ತಿಗೆ ನನ್ನ ದನಿಯೂ ಅವರದೇ ಆಗಿಬಿಟ್ಟಿದೆ. ಈ ರೋಗ ಅಂಟುಜಾಡ್ಯ.)

ಆಡಿಟರಿಗೆ ಈ ತೆರಿಗೆ ಫಾರಮ್ಮಿನ ಮೇಲೆ ಇಷ್ಟೇಕೆ ಮೋಹ? ವಲಸೆ ಕಾನೂನು ಅವರನ್ನು ವರ್ಷಾನುಗಟ್ಟಲೆ ತಾತ್ಕಾಲಿಕ ಕೆಲಸಗಾರನೆಂದೇ ಕರೆದಿದೆ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅದೇ ಸರಕಾರದ ತೆರಿಗೆ ಕಾನೂನು ಮಾತ್ರ, ದಿನಗಳನ್ನು ಎಣಿಸಿ, ನೀನು ಈ ನೆಲದ ನಿವಾಸಿ ಎನ್ನುತ್ತದೆ. ಹಣ ಕೇಳುವುದಕ್ಕಾಗಿ ಹಾಗನ್ನುತ್ತದೆ, ಆದರೂ ಅನ್ನುತ್ತದೆ. ಆ ಮಾತನ್ನು ವರ್ಷಕ್ಕೊಮ್ಮೆ ಕೇಳಿಸಿಕೊಳ್ಳಲು, ಹೊಸಬರಿಗೂ ಕೇಳಿಸಲು, ಅವರು ಶನಿವಾರದ ನಿದ್ದೆ ಬಿಟ್ಟು ಹಿಮದಲ್ಲೂ ಕಾರು ಓಡಿಸಿಕೊಂಡು ಬರುತ್ತಾರೆ. ಸೋದರಮಾವನಿಲ್ಲದ ಊರಿನಲ್ಲಿ ಸೋದರಮಾವನ ಕೆಲಸ ಅದು. ಬೈಯಲು ಬಾಯಿ ಬರುವುದಿಲ್ಲ.

ಆದ್ದರಿಂದ ಆಡಿಟರು ಬರಲಿ, ಅವಲಕ್ಕಿಯೂ ಆಗಲಿ. ಕಾಫಿ ಮಾತ್ರ ಅವತ್ತು ಗಂಡ ಮಾಡಲಿ. ಆಕೆ ಮೇಜಿನ ಹತ್ತಿರ ಕೂತು, ಪೂರ್ತಿ ಓದಿ, ಆಮೇಲೆ ಸಹಿ ಹಾಕಲಿ. ರಿಟರ್ನಿನ 1040 ಫಾರಮ್ಮಿನಲ್ಲಿ ಗಂಡನ ಸಹಿಗೆ ಜಾಗವಿದೆ, ಹೆಂಡತಿಯ ಸಹಿಗೆ ಜಾಗವಿದೆ, ಹಣ ಪಡೆದು ಬರೆದುಕೊಟ್ಟವರ ಸಹಿಗೂ ಜಾಗವಿದೆ. ಪುಕ್ಕಟೆ ಹೇಳಿದವರು ಎಲ್ಲಿಯೂ ಸಹಿ ಹಾಕಬೇಕಾಗಿಲ್ಲ.