ಅಡಿಗಲ್ಲು ಮೊದಲು, ಹಾರಾಟ ಆಮೇಲೆ: ಯಡಿಯೂರಿನಲ್ಲಿ ಇಳಿದ ಹೆಲಿಕಾಪ್ಟರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಯಡಿಯೂರಿನ ಆಕಾಶದಲ್ಲಿ ಹೆಲಿಕಾಪ್ಟರ್ ಸದ್ದು ಕೇಳಿದರೆ ಜನ ಮೊದಲು ಕೇಳುವ ಪ್ರಶ್ನೆ, ‘ಎಲೆಕ್ಷನ್ ಬಂತಾ?’ ಮೊನ್ನೆ ಸೋಮವಾರ ಸಿದ್ಧಲಿಂಗೇಶ್ವರ ಸ್ವಾಮಿಯ ಗದ್ದುಗೆ ದರ್ಶನಕ್ಕೆ ಸಾಲು ಬೆಳೆಯುತ್ತಿದ್ದ ಹೊತ್ತಿಗೆ, ರಾಗಿ ಕೊಯ್ದ ಹೊಲದಲ್ಲಿ ಒಂದು ಇಳಿದೇ ಬಿಟ್ಟಿತು. ಹಾರ, ಶಾಲು ಹಿಡಿದು ಓಡಿದವರು, ಒಳಗಿನಿಂದ ಯಾವ ನಾಯಕರೂ ಇಳಿಯದ್ದನ್ನು ಕಂಡು ಹಾರವನ್ನು ಜೋಪಾನವಾಗಿ ವಾಪಸ್ ಒಯ್ದರು. ಬಂದಿದ್ದು ಎಲ್‌ಯುಎಚ್, ಅಂದರೆ ಲಘು ಬಳಕೆಯ ಹೆಲಿಕಾಪ್ಟರ್. ಹುಟ್ಟಿದ್ದು ಬೆಂಗಳೂರಿನಲ್ಲಿ, ಎಚ್‌ಎಎಲ್‌ನ ರೋಟರಿ ವಿಂಗ್ ಸಂಶೋಧನೆ ಮತ್ತು ವಿನ್ಯಾಸ ಕೇಂದ್ರದಲ್ಲಿ. ಮನೆ ಕಟ್ಟಿಸಿರುವುದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ. ರೆಕ್ಕೆ ನಿಲ್ಲುವ ತನಕ ಕಾದು ಮಾತಿಗೆಳೆದೆವು.

ಬನ್ನಿ ಸ್ವಾಮಿ. ಊಟ ಆಯ್ತಾ? ದಾಸೋಹ ಶುರುವಾಗಿದೆ.

ನನ್ನ ಊಟ ದಾಸೋಹದಲ್ಲಿ ಸಿಗಲ್ಲ, ಬಿಡಿ. ಹರಕೆ ಹೊರೋಕೆ ಬಂದೆ.

ಏನು ಹರಕೆ?

ಒಂದು ಕೆಲಸ. ಖಾಯಂ ಕೆಲಸ. ನನಗೆ ಮಂಜೂರಾತಿ ಸಿಕ್ಕಿದ್ದು 2009ರ ಫೆಬ್ರವರಿಯಲ್ಲಿ. ಸೇನೆಗೆ 126, ವಾಯುಪಡೆಗೆ 61, ಒಟ್ಟು 187 ಬೇಕು ಅಂತ ಲೆಕ್ಕ ಹಾಕಿದ್ದರು. ನಾನು ಮೊದಲ ಸಲ ಹಾರಿದ್ದು 2016ರ ಸೆಪ್ಟೆಂಬರ್ 6ರಂದು.

ಏಳು ವರ್ಷ! ನಮ್ಮ ಕುಣಿಗಲ್ ಫಾರಂನ ಕುದುರೆ 11 ತಿಂಗಳಿಗೆ ಮರಿ ಹಾಕುತ್ತೆ.

ಅದಕ್ಕೆ ಕುದುರೆಯ ನಕ್ಷೆ ಯಾರೂ ಮೊದಲಿನಿಂದ ಬರೀಬೇಕಾಗಿಲ್ಲ. ಮರಿ ಎದ್ದು ನಿಂತ ಮೇಲೆ ಅದಕ್ಕೆ ಯಾರೂ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೇಳಲ್ಲ. ಆದರೂ ಒಂದು ವಿಷಯದಲ್ಲಿ ನಮ್ಮವರು ಚುರುಕು. ನನ್ನ ಕಾರ್ಖಾನೆಗೆ ಪ್ರಧಾನಿಯವರು ಅಡಿಗಲ್ಲು ಹಾಕಿದ್ದು 2016ರ ಜನವರಿ 3ರಂದು. ನಾನು ನೆಲ ಬಿಟ್ಟು ಏಳೋದಕ್ಕೆ ಎಂಟು ತಿಂಗಳ ಮೊದಲೇ ನನಗೆ 615 ಎಕರೆ ಮನೆ ಗೊತ್ತಾಗಿತ್ತು!

ಗೃಹಪ್ರವೇಶ ಯಾವಾಗ ಆಯ್ತು?

2023ರ ಫೆಬ್ರವರಿ 6ಕ್ಕೆ. ಭಾರಿ ಪೆಂಡಾಲು, ಭಾರಿ ಜನ. ವರ್ಷಕ್ಕೆ ಮೊದಲು 30, ಆಮೇಲೆ 60, ಕೊನೆಗೆ 90 ಹೆಲಿಕಾಪ್ಟರ್ ಅಂದರು. ನನ್ನನ್ನು ನಿಲ್ಲಿಸಿ ಪರದೆ ಸರಿಸಿದರು, ಫೋಟೋ ತೆಗೆದರು. ಆ ದಿನದ ತನಕ ಸೇನೆಯ ಒಂದು ತುಕಡಿಗೂ ನಾನು ಕೆಲಸಕ್ಕೆ ಸೇರಿರಲಿಲ್ಲ ಅನ್ನೋದು ಫೋಟೋದಲ್ಲಿ ಕಾಣಲ್ಲ.

(ಅಷ್ಟರಲ್ಲಿ ದರ್ಶನ ಮುಗಿಸಿ ಬಂದ ಅಜ್ಜಿಯೊಬ್ಬರು ‘ಯಾವ ಪಕ್ಷದೋನಪ್ಪಾ ನೀನು?’ ಎಂದು ಕೇಳಿದರು. ‘ರಕ್ಷಣಾ ಇಲಾಖೆ, ಅಜ್ಜಿ’ ಎಂದಿತು. ‘ಅಂಗಾದ್ರೆ ಸೀರೆ ಇಲ್ವಾ?’ ಎಂದು ಅವರು ಹೊರಟುಹೋದರು.)

ಅಲ್ಲ, ಅಷ್ಟು ವರ್ಷ ಪ್ರಯೋಗಾಲಯದಲ್ಲಿ ಏನು ಮಾಡುತ್ತಿದ್ದರು?

ಅವರನ್ನು ಬೈಬೇಡಿ. ನನ್ನದು ಮೂರು ಟನ್ ವರ್ಗದ ಮೈ, ಎಂಜಿನ್ ಒಂದೇ. ಅದು ಕೈಕೊಟ್ಟರೆ ಇನ್ನೊಂದಿಲ್ಲ. ಸಮುದ್ರ ಮಟ್ಟದಿಂದ 5,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಕೆಳಗಿನದರ ನೂರಕ್ಕೆ 60ರಷ್ಟು ಮಾತ್ರ. ರೆಕ್ಕೆಗೆ ಒತ್ತಿ ಹಿಡಿಯೋಕೆ ಗಾಳಿ ಸಾಲದು, ಎಂಜಿನ್‌ಗೆ ಉಸಿರು ಸಾಲದು. ಅಲ್ಲಿ ಕಂಪನ ಎಷ್ಟು, ಭಾರ ಎಷ್ಟು ಹೊರಬಹುದು, ಚಳಿಯಲ್ಲಿ ರಾತ್ರಿಯಿಡೀ ನಿಂತಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತಾ, ಇದನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕಿ ಬಿಟ್ಟರೆ ಸಾಲಲ್ಲ, ಹಾರಿ ನೋಡಬೇಕು. ಲೇಹ್‌ನಲ್ಲಿ, ದೌಲತ್ ಬೇಗ್ ಓಲ್ಡಿಯಲ್ಲಿ, ಸಿಯಾಚಿನ್‌ನಲ್ಲಿ ನೋಡಿದರು. 2020ರಲ್ಲಿ ಆರಂಭಿಕ ಕಾರ್ಯಾಚರಣೆ ಅನುಮತಿ ಕೊಟ್ಟರು. ಪೈಲಟ್ ಜೀವದ ಪ್ರಶ್ನೆ ಇರುವಾಗ ಪರೀಕ್ಷೆಗೆ ಹಿಡಿದ ಒಂದು ದಿನವನ್ನೂ ನಾನು ದಂಡ ಅನ್ನಲ್ಲ.

ಮತ್ತೆ ದಂಡ ಆಗಿದ್ದು ಯಾವುದು?

ಫೈಲು ಮೇಜಿಂದ ಮೇಜಿಗೆ ಹೋಗುವ ದಿನಗಳು. 187 ಬೇಕು ಅಂದಿದ್ದವರು 2021ರ ನವೆಂಬರ್‌ನಲ್ಲಿ 12ಕ್ಕೆ ಒಪ್ಪಿಗೆ ಕೊಟ್ಟರು. 2015ರಲ್ಲಿ ರಷ್ಯಾದ ಕಾಮೋವ್-226ಟಿ ತರೋದು, 200 ಹೆಲಿಕಾಪ್ಟರ್, ಬಹುಪಾಲು ಇಲ್ಲೇ ತಯಾರಿ ಅಂತ ಒಪ್ಪಂದವೂ ಆಗಿತ್ತು. ನಾನು ಹೊಟ್ಟೆಯಲ್ಲಿರುವಾಗಲೇ ಪಕ್ಕದ ಮನೆಯವನಿಗೆ ತೊಟ್ಟಿಲು ಕಟ್ಟಿದ್ದರು! ಕೊನೆಗೆ ಅವನೂ ಬರಲಿಲ್ಲ.

ನೀವು ಅಪ್ಪಟ ಸ್ವದೇಶಿ ಅಂತಾರಲ್ಲ?

ಮೈ ಸ್ವದೇಶಿ. ಎಂಜಿನ್‌ನ ಹೆಸರು ‘ಶಕ್ತಿ’, ತವರು ಫ್ರಾನ್ಸಿನ ಸಫ್ರಾನ್ ಕಂಪನಿ. ಇದು ನನ್ನೊಬ್ಬನ ಕಥೆ ಅಲ್ಲ. ನಮ್ಮ ಮನೆತನದಲ್ಲಿ ಮಾರುತ್ ಅಂತ ಒಬ್ಬ ಹಿರಿಯನಿದ್ದ. ಜರ್ಮನಿಯ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಯುದ್ಧವಿಮಾನ, 1961ರಲ್ಲಿ ಹಾರಿತು. ಮೈಕಟ್ಟು ಅಂದರೆ ಮೈಕಟ್ಟು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗದೆ ಜೀವಮಾನವೆಲ್ಲ ಸೊರಗಿದ. ಆ ಪಾಠಕ್ಕೆ 60 ವರ್ಷ ದಾಟಿತು. ಎಂಜಿನ್ ಸಂಶೋಧನೆಗೆ ಅಡಿಗಲ್ಲು ಹಾಕೋಕೆ ಬರಲ್ಲ ನೋಡಿ, ಅದಕ್ಕೇ ಅದು ಹಿಂದೆ ಬಿತ್ತು.

ಇಲ್ಲಿಗೆ ಬರುವಾಗ ಮಾರ್ಕೋನಹಳ್ಳಿ ಜಲಾಶಯ ಕಾಣಿಸಿತಾ?

ಕಾಣಿಸಿತು, ಹೊಟ್ಟೆ ಉರೀತು. ಶಿಂಷಾ ತುಂಬಿ ನೀರು ಮಟ್ಟ ಮೀರಿದರೆ ಅಲ್ಲಿನ ಸೈಫನ್ ತಾನಾಗೇ ಶುರುವಾಗುತ್ತಂತೆ. ಬಾಯಿಯ ಒಳಮೈಗೆ ತಿರುಚಿದ ಅಲಗುಗಳಿವೆ. ಉಕ್ಕಿದ ನೀರು ಅವುಗಳ ಮೇಲೆ ಸುತ್ತಿ ಸುಳಿಯಾಗುತ್ತೆ, ಸುಳಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತೆ, ಕೊಳವೆ ತುಂಬಿ ಹರಿಯುತ್ತೆ. ಮಟ್ಟ ಇಳಿದು ಗಾಳಿ ಹೊಕ್ಕರೆ ತಾನೇ ನಿಲ್ಲುತ್ತೆ. ಗೇಟು ಎತ್ತೋಕೆ ಆಳು ಬೇಡ, ಕರೆಂಟು ಬೇಡ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಿಧಾನ. ಅದನ್ನು ‘ಇನ್ನೋವೇಶನ್’ ಅಂತ ಕರೆದು ಸಮ್ಮೇಳನ ಮಾಡುವವರು ಆಗ ಇರಲಿಲ್ಲ. ನೇರವಾಗಿ ಕೆಲಸಕ್ಕೆ ಹಚ್ಚಿದರು.

ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯವರ ಪರಿಚಯ ಇತ್ತಾ?

ಭೇಟಿ ಆಗಲಿಲ್ಲ. 1978ರಲ್ಲಿ ಶುರುವಾದ ಕಾರ್ಖಾನೆ. ನನ್ನ ಮನೆಗೆ ಅಡಿಗಲ್ಲು ಬಿದ್ದ ತಿಂಗಳೇ, 2016ರ ಜನವರಿಯಲ್ಲಿ, ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಜಿಲ್ಲೆಯ ಒಂದು ಕಡೆ ನಾಮಕರಣ, ಇನ್ನೊಂದು ಕಡೆ ತಿಥಿ. ಕ್ವಾರ್ಟ್ಜ್ ಗಡಿಯಾರ ಮಾಡುವ ವಿದ್ಯೆ ಎಚ್‌ಎಂಟಿಗೂ ಗೊತ್ತಿತ್ತು. ಆದರೆ ಕೀಲಿ ಕೊಡುವ ಗಡಿಯಾರದ ಮೇಲಿನ ಮೋಹ ಹೋಗಲಿಲ್ಲ. ಹೊಸೂರಿನಿಂದ ಟೈಟನ್ ಬಂದು ಅಂಗಡಿ ಹಿಡಿಯಿತು. ಪ್ರಯೋಗಾಲಯಕ್ಕೆ ಗೊತ್ತಿದ್ದದ್ದು ಕಂಪನಿಗೆ ಗೊತ್ತಾಗುವಷ್ಟರಲ್ಲಿ ದೇಶದ ಟೈಮ್ ಹೇಳುವವರಿಗೇ ಟೈಮ್ ಮುಗಿದಿತ್ತು.

ನಿಮ್ಮ ಮನೆಗೆ ಈಗ ಬೇರೆಯವರೂ ಬರುತ್ತಾರಂತೆ?

ಹೌದು, ಪ್ರಚಂಡ. ಯುದ್ಧ ಹೆಲಿಕಾಪ್ಟರ್. 2025ರ ಮಾರ್ಚ್‌ನಲ್ಲಿ 156ಕ್ಕೆ ಒಪ್ಪಂದ ಆಯ್ತು, ಸುಮಾರು 62,700 ಕೋಟಿ ರೂಪಾಯಿ. ಬೆಂಗಳೂರು, ತುಮಕೂರು ಎರಡೂ ಕಡೆ ತಯಾರಿ. ಸಂತೋಷ. ಗುಬ್ಬಿ, ನಿಟ್ಟೂರು ಕಡೆಯ ಹುಡುಗರು ಗೇಟಿನ ಒಳಗೆ ಕೆಲಸಕ್ಕೆ ಹೋಗಲಿ, ಬರೀ ಗೇಟಿನ ಹೊರಗೆ ಟೀ ಅಂಗಡಿ ಇಡೋದಲ್ಲ.

ನೀವು ತಡವಾದರೆ ಯಾರಿಗೆ ನಷ್ಟ? ಹೇಗೂ ಸೇನೆಯ ಹಳೆಯ ಹೆಲಿಕಾಪ್ಟರ್‌ಗಳಾದ ಚೀತಾ, ಚೇತಕ್ ಇವೆಯಲ್ಲ?

ಈ ಪ್ರಶ್ನೆಗೆ ತಮಾಷೆಯ ಉತ್ತರ ನನ್ನ ಹತ್ತಿರ ಇಲ್ಲ. ಅವೆರಡೂ ಫ್ರಾನ್ಸಿನ ಹಳೆಯ ವಿನ್ಯಾಸಗಳು, ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ್ದು. ಚೀತಾದ ಮೂಲ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತ್ತು. ಗಟ್ಟಿ ಜೀವ, ಒಪ್ಪುತ್ತೇನೆ. ಆದರೆ ದಶಕಗಳ ಹಿಂದಿನ ಯಂತ್ರದಲ್ಲಿ ಇವತ್ತಿನ ಹುಡುಗರು ಸಿಯಾಚಿನ್‌ಗೆ ಸೀಮೆಎಣ್ಣೆ, ಔಷಧಿ ಹೊತ್ತು ಏರಬೇಕು, ಗಾಯಗೊಂಡವರನ್ನು ಇಳಿಸಬೇಕು. ನನ್ನ ತಡದ ಬೆಲೆ ಕೊಡುವವರು ಅವರು. ಪೆಂಡಾಲಿನಲ್ಲಿ ಕೂತವರಲ್ಲ.

ಕೊನೆಯದಾಗಿ, ಓದುಗರಿಗೆ ಏನು ಹೇಳುತ್ತೀರಿ?

ಕಾರ್ಖಾನೆಗೆ ಪೂಜೆ ಆಯಿತು ಅಂದ ತಕ್ಷಣ ಸಂಶೋಧನೆ ಫಲ ಕೊಟ್ಟಿತು ಅಂದುಕೊಳ್ಳಬೇಡಿ. ಮುಂದೆ ಯಾರಾದರೂ ನಿಮ್ಮೂರಿಗೆ ಹೊಸ ತಂತ್ರಜ್ಞಾನ ತಂದೆ ಅಂತ ಭಾಷಣ ಮಾಡಿದರೆ, ಎಷ್ಟು ಎಕರೆ, ಎಷ್ಟು ಕೋಟಿ ಅಂತ ಕೇಳಬೇಡಿ. ಅದನ್ನು ಅವರೇ ಹೇಳುತ್ತಾರೆ. ಎಷ್ಟು ತಯಾರಾಯಿತು, ಯಾರ ಕೈ ಸೇರಿತು, ಯಾವ ತಾರೀಖು, ಈ ಮೂರನ್ನು ಕೇಳಿ. ಉತ್ತರ ಬರುವ ತನಕ ಹಾರ ಹಾಕಬೇಡಿ.