ಮೂಗು ನೋಡಿ ಹೇಳ್ರಿ ಮಾಸ್ತರ್ರ

ಸಿಂಧನೂರು ಕಡೆ ಈಗ ಭತ್ತಕ್ಕೆ ಎಣ್ಣೆ ಹೊಡೆಯೋ ಡ್ರೋನ್ ಹಾರಿದರೆ ಯಾರೂ ತಲೆ ಎತ್ತಿ ನೋಡೋದಿಲ್ಲ. ನಮ್ಮ ಪಕ್ಕದ ಮನೆ ಕಾಕಾ ಮಾತ್ರ ನಿಂತು ನೋಡುತ್ತಾರೆ. ಅವರಪ್ಪ ಮಿಲಿಟರಿ ತೋಪಖಾನೆಯಲ್ಲಿದ್ದವರು. ಮೊನ್ನೆ ಬೇಲಿ ಮೇಲಿಂದ ಒಂದು ಫೋಟೊ ಚಾಚಿದರು. ಲಿಂಗಸುಗೂರಿನ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿದ್ದು: ಖಾಕಿ ತೊಟ್ಟ ಅಪ್ಪ, ಹಿಂದೆ ಪುಟ್ಟ ವಿಮಾನ. ಹಿಂಬದಿಗೆ 1968 ಅಂತ ಗೀಚಿದೆ.

"ನಮ್ಮಪ್ಪ ಇದಕ್ಕ ಕೃಷಕ್ ಅಂತಿದ್ದ. ಹೊಲಕ್ಕ ಎಣ್ಣಿ ಹೊಡಿಯೂದಲ್ಲೇನ್ರಿ ಮಾಸ್ತರ್ರ?"

"ಅಲ್ರಿ ಕಾಕಾ, ಎಣ್ಣಿ ಹೊಡಿಯಾಕ ಮಾಡಿದ್ದು ಬಸಂತ್. ಎರಡೂ ಬೆಂಗಳೂರಿನ ಎಚ್‌ಎಎಲ್‌ನವು ಖರೆ. ಆದ್ರ ಬಸಂತ್ ಮೊದಲು ಹಾರಿದ್ದೇ 1972ಕ್ಕ, ಅದರ ರೆಕ್ಕಿ ಕೆಳಗಿರ್ತಾವ. ಇದರವು ನೋಡ್ರಿ, ತಲಿ ಮ್ಯಾಲ ಚಪ್ಪರದಂಗ ಅದಾವ."

ರೆಕ್ಕೆ ಮೇಲಿದ್ದರೆ ಕೆಳಗಿನ ನೆಲ ಅಡ್ಡಿಯಿಲ್ಲದೆ ಕಾಣುತ್ತದೆ. ಇದರ ಕೆಲಸವೇ ನೋಡೋದು: ನಮ್ಮ ತೋಪಿನ ಗುಂಡು ಎಲ್ಲಿ ಬಿತ್ತು, ಇನ್ನೆಷ್ಟು ಎಡಕ್ಕೆ, ಎಷ್ಟು ಮುಂದಕ್ಕೆ ಹೊಡೆಯಬೇಕು ಅಂತ ವೈರ್‌ಲೆಸ್‌ನಲ್ಲಿ ಕೂಗಿ ಹೇಳೋದು. ಹಾರಿಸುತ್ತಿದ್ದವರೂ ತೋಪಖಾನೆಯ ಅಧಿಕಾರಿಗಳೇ. ನಿಧಾನ ಹಾರೋದು ಇಲ್ಲಿ ದೋಷವಲ್ಲ. ಜೆಟ್‌ನಲ್ಲಿ ಭರ್ರನೆ ಹೋದವನಿಗೆ ಏನು ಕಂಡೀತು?

"ಹಂಗಾರ ಕೃಷಕ್ ಖಾತ್ರಿ?"

ಅಷ್ಟು ಸಲೀಸಿಲ್ಲ. ಎಚ್‌ಎಎಲ್‌ನದೇ ಪುಷ್ಪಕ್ ಇದೆ. 1958ರಲ್ಲಿ ಹಾರಿದ್ದು, ಎರಡೇ ಸೀಟು, ಫ್ಲೈಯಿಂಗ್ ಕ್ಲಬ್ಬುಗಳ ಪಾಲಿನದು. ಅದನ್ನೇ ಹಿಗ್ಗಿಸಿ 1959ರಲ್ಲಿ ಕೃಷಕ್ ಮಾಡಿದರು. ಸೈನ್ಯದ ಕೈಯಲ್ಲಿ ಬ್ರಿಟಿಷರ ಆಸ್ಟರ್ ಬೇರೆ ಇತ್ತು. ಎಲ್ಲಕ್ಕೂ ರೆಕ್ಕೆ ಮೇಲೆ, ಎಲ್ಲಕ್ಕೂ ಬಾಲದಡಿ ಸಣ್ಣ ಗಾಲಿ.

"ಮೂಗು ನೋಡ್ರಿ ಕಾಕಾ. ಆಸ್ಟರ್ ಎಂಜಿನ್ನಿನ್ಯಾಗ ಸಿಲಿಂಡರ್ ಒಂದರ ಹಿಂದ ಒಂದು, ತಲಿಕೆಳಗ. ಅದಕ್ಕ ಮೂಗು ಸಣ್ಣ. ಕೃಷಕ್‌ಗೆ 225 ಅಶ್ವಶಕ್ತಿಯ ಕಾಂಟಿನೆಂಟಲ್. ಆರು ಸಿಲಿಂಡರ್, ಆ ಕಡೆ ಮೂರು ಈ ಕಡೆ ಮೂರು ಮಲಗಿರ್ತಾವ. ಮೂಗು ಅಗಲ. ನಿಮ್ಮಪ್ಪನ ಹಿಂದಿಂದು ಅಗಲನ ಐತಿ."

ಇಂಥವು ಒಟ್ಟು 70ರ ಆಸುಪಾಸು ತಯಾರಾದವು. ಆಮೇಲೆ ಚೀತಾ ಹೆಲಿಕಾಪ್ಟರ್ ಬಂದು ಇವನ್ನು ಮನೆಗೆ ಕಳಿಸಿತು.

ಕಾಕಾ ಸುಮ್ಮನಿರೋ ಆಸಾಮಿಯಲ್ಲ. ಮಸ್ಕಿಯ ಅಳಿಯ ಬೇರೆ. "ಮೂಗು ನೋಡಿ ಹೆಸರಿಟ್ರ ನಾ ಒಪ್ಪಾಂಗಿಲ್ಲ. ನಮ್ಮ ಮಸ್ಕಿ ಕಲ್ಲಿನ್ಯಾಗ ಅಶೋಕನ ಹೆಸರ ಕೊರದಾರ."

ಮಾತು ಸುಳ್ಳಲ್ಲ. ಬೇರೆ ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಪಂಡಿತರು ಮೊದಲೇ ಹೇಳಿದ್ದರೂ, 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಮಸ್ಕಿ ಬಂಡೆ ಬಿದ್ದ ಮೇಲೇ ಅದು ಗಟ್ಟಿಯಾಯಿತು.

"ಹೆಸರಲ್ಲದಿದ್ರೂ ನಂಬರ್ ಇರ್ತೈತ್ರಿ ಕಾಕಾ, ಮೈಮ್ಯಾಲ, ಬಾಲದ ಕಡೆ."

ಕನ್ನಡಕ ಏರಿಸಿ ನೋಡಿದರು. ಅಪ್ಪ ಸರಿಯಾಗಿ ಅದಕ್ಕೇ ಅಡ್ಡ ನಿಂತು, ಎದೆ ಸೆಟೆಸಿದ್ದಾರೆ.

"ಅಷ್ಟುದ್ದ ಇಮಾನದಾಗ ಇವಗ ನಿಂದ್ರಾಕ ಬ್ಯಾರೆ ಜಾಗಾನ ಸಿಗಲಿಲ್ಲೇನ್ರಿ?"